ರೊಟ್ಟಿಗೊಂದು ಎ.ಸಿ. ರೂಮು

ಮಗಳು ಮಂಗಳೂರಿನ ಕಾಲೇಜು ಸೇರಿದ್ದೇ ತಡ, ಧಾರವಾಡದ ನಮ್ಮ ಓಣಿಯವರೆಲ್ಲ ನನ್ನನ್ನು ಪ್ರವಾಸೋದ್ಯಮ ಇಲಾಖೆಯ ಸಂಬಳವಿಲ್ಲದ ನೌಕರ ಅಂದುಕೊಂಡಿದ್ದಾರೆ. ಅಲ್ಲಿ ಎಲ್ಲಿ ಇಳಿದುಕೊಳ್ಳಬೇಕು, ಎಲ್ಲಿ ಉಣ್ಣಬೇಕು, ಏನೇನು ನೋಡಬೇಕು? ಹಾಲು ತರಲು ಹೋದರೂ ಇದೇ ಪ್ರಶ್ನೆ. ಹೇಳಲು ನನಗೇನೂ ಬೇಜಾರಿಲ್ಲ. ಕೇಳಿದವರು ಕೇಳಿದ ಹಾಗೆ ನಡೆಯುವುದಿಲ್ಲ, ಅದು ಬೇಜಾರು. ಅದಕ್ಕಿಂತ ಜಾಸ್ತಿ ಬೇಜಾರೆಂದರೆ, ತಮಗೆ ತಿಳಿದಂತೆ ಮಾಡಿ ಆಮೇಲೆ ಅಲ್ಲಿಂದ ನನಗೇ ಫೋನ್ ಹಚ್ಚುತ್ತಾರೆ.

ಹೋದ ವಾರದ ಗಿರಾಕಿ ಎದುರುಮನೆ ಕಾಕಾ. ಯೂನಿವರ್ಸಿಟಿಯ ಆಫೀಸಿನಲ್ಲಿ ಕೆಲಸ ಮಾಡಿ ರಿಟೈರ್ ಆದವರು. ಕಾಕುಗೆ ಸಮುದ್ರ ತೋರಿಸಬೇಕೆಂದು ಹೊರಟಿದ್ದರು. ಡೈರಿ, ಪೆನ್ನು, ಜೊತೆಗೆ ಒಂದು ಸ್ಕೇಲು ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಸ್ಕೇಲು ಯಾಕೆ ಅಂತ ಆಗ ತಿಳಿಯಲಿಲ್ಲ.

"ಕಾಕಾ, ಹಂಪನಕಟ್ಟೆ ಕಡೆ ಲಾಡ್ಜ್ ಹಿಡೀರಿ. ಊಟ, ಸಿಟಿ ಬಸ್ಸು ಎಲ್ಲಾ ಹತ್ರನ ಸಿಗ್ತಾವ. ರೂಮ್ ಮಾತ್ರ ಎ.ಸಿ.ದs ತಗೋರಿ."

"ನಮಗ್ಯಾಕಪಾ ಎ.ಸಿ.? ಧಾರವಾಡದಾಗ ನಾ ಫ್ಯಾನೂ ಹಾಕಂಗಿಲ್ಲ" ಅಂದವರೇ, ಆಗಷ್ಟೇ ಬರೆದಿದ್ದ ಎ.ಸಿ. ಮೇಲೆ ಸ್ಕೇಲಿಟ್ಟು ಗೆರೆ ಎಳೆದರು.

ಹುಬ್ಬಳ್ಳಿಯಿಂದ ರಾತ್ರಿ ಬಸ್ಸು ಹತ್ತಿದರೆ ಯಲ್ಲಾಪುರ ದಾಟಿ, ಅರಬೈಲ್ ಘಟ್ಟ ಇಳಿದು, ಅಂಕೋಲಾದಿಂದ ಕರಾವಳಿ ಹಿಡಿದು ಬೆಳಿಗ್ಗೆ ಮಂಗಳೂರು. ಸುಮ್ನೆ ಮಲಗಿದರೆ ಸಾಕು. ಕಾಕಾ ಮಲಗಲಿಲ್ಲ. ನನ್ನನ್ನೂ ಮಲಗಲು ಬಿಡಲಿಲ್ಲ. ಕುಮಟಾ ಬಂತು, ಭಟ್ಕಳ ಬಂತು, ಕುಂದಾಪುರ ಬಂತು. ಒಂದೊಂದು ಊರಿಗೂ ಒಂದೊಂದು ಫೋನು.

ಲಾಡ್ಜ್ ಸೇರಿದ ಮೇಲೆ ಮೊದಲ ದೂರು: "ತಮ್ಮಾ, ಕಿಟಕಿ ತಗದ್ರ ಸಮುದ್ರ ಕಾಣವಲ್ದಲ್ಲೋ!" ಎಲ್ಲಿ ಕಾಣಬೇಕು? ಮಂಗಳೂರು ಪೇಟೆಗೂ ಕಡಲಿಗೂ ನಡುವೆ ನೇತ್ರಾವತಿ, ಗುರುಪುರ ನದಿಗಳು ಅಡ್ಡ ಮಲಗಿವೆ. ಅದರಾಚೆ ಉದ್ದಕ್ಕೆ ಮರಳ ಪಟ್ಟಿ. ಅದನ್ನೂ ದಾಟಿದರೆ ಸಮುದ್ರ. ಪಣಂಬೂರು ಬೀಚಿಗೆ ಬಸ್ಸು ಹತ್ತಿಯೇ ಹೋಗಬೇಕು. ಇಷ್ಟೂ ಡೈರಿಯಲ್ಲಿತ್ತು. ಡೈರಿ ಬ್ಯಾಗಿನಲ್ಲಿತ್ತು. ಬ್ಯಾಗಿನ ಮೇಲೆ ರೊಟ್ಟಿ ಗಂಟಿತ್ತು.

ಈಗ ಆ ರೊಟ್ಟಿಯ ವಿಷಯಕ್ಕೆ ಬರುತ್ತೇನೆ. ನಮ್ಮ ಕಡೆಯವರು ಹಳ್ಳ ದಾಟಿದರೂ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಳ್ಳುತ್ತಾರೆ, ಅಲ್ವಾ? ಕಾಕಾ ಬೆಳಗಾವಿ ಬಟ್ಟೆಯಂಗಡಿಯ ದೊಡ್ಡ ಚೀಲದ ತುಂಬ ಒಯ್ದಿದ್ದರು. ಮಧ್ಯಾಹ್ನ ಹೋಟೆಲಿನಲ್ಲಿ ಕುಚ್ಚಲಕ್ಕಿ ಅನ್ನ ಬಡಿಸಿದಾಗ, ಇನ್ನೂ ಬೆಂದಿಲ್ಲ ಅಂತ ತಿರುಗಿ ಒಳಗೆ ಕಳಿಸಿದ್ದರಂತೆ. ಬಡಿಸುವ ಹುಡುಗ ಒಳಗೆ ಹೋಗಿ ಅದೇ ತಟ್ಟೆ ತಂದಿಟ್ಟನಂತೆ. ರಾತ್ರಿಗೆ ನಮ್ಮ ರೊಟ್ಟಿಯೇ ಗತಿ ಎಂದು ಚೀಲ ಬಿಚ್ಚಿದರೆ, ಅವೆಲ್ಲ ಮೆತ್ತಗಾಗಿದ್ದವು. ಅಲ್ಲಿಯ ಗಾಳಿಯಲ್ಲಿ ನೀರಿನ ಪಸೆ ಅಷ್ಟಿರುತ್ತದೆ. ಒಗೆದ ಬನಿಯನ್ನೇ ಸರಿಯಾಗಿ ಒಣಗುವುದಿಲ್ಲ. ಇನ್ನು ರೊಟ್ಟಿಯ ಪಾಡೇನು?

"ರೊಟ್ಟಿ ಮಡಚಾಕ ಬರಾಕತ್ತಾವಲ್ಲೋ ತಮ್ಮಾ!" ಕಾಕಾನ ದನಿ ನಡುಗುತ್ತಿತ್ತು. ಮುರಿಯುವ ರೊಟ್ಟಿಯನ್ನು ಮಡಚಿ ನೋಡಬೇಕಾಗಿ ಬಂದವರ ಸಂಕಟ ನನಗೂ ಅರ್ಥವಾಗುತ್ತದೆ. ಆದರೆ ಆ ಸೆಖೆಯನ್ನು ನಾನೇ ಅಲ್ಲಿ ಇಟ್ಟು ಬಂದವನಂತೆ ಬೈದರೆ ಹೇಗೆ?

ಆಮೇಲೆ ಮಂಚದ ಮೇಲೆ ಧೋತರ ಹಾಸಿ, ರೊಟ್ಟಿ ಹರವಿ, ಫ್ಯಾನು ಜೋರು ಮಾಡಿದರಂತೆ. ಕುಡಿಯುವ ನೀರು ತಂದ ರೂಮ್ ಬಾಯ್ ಬಾಗಿಲಲ್ಲೇ ನಿಂತು ನೋಡಿ, ಹೋಗಿ ಮ್ಯಾನೇಜರನ್ನು ಕರೆದುಕೊಂಡು ಬಂದನಂತೆ. ಮ್ಯಾನೇಜರು ಒಂದು ಮೂಲೆ ಮುರಿಯಲು ನೋಡಿದರು. ಮುರಿಯಲಿಲ್ಲ. "ಇದಕ್ಕೆ ಎ.ಸಿ. ಬೇಕು ಮಾರಾಯ್ರೇ" ಅಂದರಂತೆ. ನಾನು ಹೇಳಿದಾಗ ಗೆರೆ ಎಳೆದ ಕಾಕಾ, ಅವರ ಮಾತಿಗೆ ತಕ್ಷಣ ರೂಮು ಬದಲಿಸಿದರು. ರಾತ್ರಿ ಹನ್ನೊಂದಕ್ಕೆ ಮತ್ತೆ ಫೋನು: "ತಮ್ಮಾ, ಈಗ ಅರ್ಧ ಖಡಕ್ ಆಗ್ಯಾವ. ನೀ ಮದ್ಲs ಹೇಳ್ಬಾರದ?"

ನಾನು ಫೋನಿಟ್ಟು ಗೋಡೆ ನೋಡುತ್ತ ಕೂತೆ.

ನೋಡುವ ಜಾಗಗಳ ವರದಿಯೂ ಬಂತು. ಕದ್ರಿ ದೇವಸ್ಥಾನದಲ್ಲಿ 968ನೇ ಇಸವಿಯ ಶಾಸನವಿರುವ ಲೋಕೇಶ್ವರನ ಕಂಚಿನ ವಿಗ್ರಹ ಇದೆ, ತಪ್ಪದೇ ನೋಡಿ ಅಂದಿದ್ದೆ. ವರದಿ: "ಮೆಟ್ಟಲಾ ಭಾಳ ಅದಾವ." ಮಂಗಳೂರು ವಿಶ್ವವಿದ್ಯಾಲಯ 1980ರದು, ಕೊಣಾಜೆಯಲ್ಲಿ, ಊರಿಂದ ದೂರ. ಅಲ್ಲಿಗೂ ಹೋಗಿದ್ದರು, ಸುಮ್ನೆ ಗೇಟಿನ ಮುಂದೆ ನಿಂತು "ನಮ್ಮದು 1949ರದ್ದು" ಅಂತ ಕಾಕುಗೆ ಹೇಳಲು. ಬನ್ಸ್ ಅಂದರೆ ಸಿಹಿ ಪೂರಿ. ಗೋಳಿಬಜೆ ಪರವಾಗಿಲ್ಲ, ಆದರೆ ನಮ್ಮ ಮಿರ್ಚಿ ಮುಂದೆ ಏನೂ ಅಲ್ಲ. ನೀರುದೋಸೆಯ ಬಗ್ಗೆ ಕಾಕಾ ಬಾಯಿ ಬಿಡಲಿಲ್ಲ. ಎಂಟು ತಿಂದರು ಅಂತ ಕಾಕು ಹೇಳಿದರು. ಕಾಕುಗೆ ಗಡ್‌ಬಡ್ ಐಸ್‌ಕ್ರೀಮು ಎಷ್ಟು ಹಿಡಿಸಿತೆಂದರೆ ಸಮುದ್ರದ ಸುದ್ದಿಯನ್ನೇ ಎತ್ತಲಿಲ್ಲ.

ಮಂಗಳೂರು ನನಗೆ ಇಷ್ಟು ಗೊತ್ತಾದದ್ದು ಪ್ರವಾಸ ಮಾಡಿ ಅಲ್ಲ. ಮಗಳನ್ನು ಹಾಸ್ಟೆಲಿಗೆ ಬಿಟ್ಟ ದಿನ ರಾತ್ರಿ ಬಸ್ಸಿನ ತನಕ ಏನು ಮಾಡಬೇಕೋ ತಿಳಿಯಲಿಲ್ಲ. ಸಂತ ಅಲೋಶಿಯಸ್ ಚಾಪೆಲ್ಲಿಗೆ ಹೋದೆ. ಇಟಲಿಯ ಮೊಸ್ಕೆನಿ ಎಂಬ ಕ್ರೈಸ್ತ ಸನ್ಯಾಸಿ 1899ರಲ್ಲಿ ಶುರುಮಾಡಿ ಗೋಡೆ, ಮಾಳಿಗೆಯನ್ನೆಲ್ಲ ಚಿತ್ರದಿಂದ ತುಂಬಿಸಿದ್ದಾನೆ. ಕತ್ತು ನೋಯುವವರೆಗೂ ಮೇಲೆ ನೋಡಿದೆ. ಅಲ್ಲಿಂದ ಸುಲ್ತಾನ್ ಬತ್ತೇರಿ. ಟಿಪ್ಪು 1784ರಲ್ಲಿ ಕಟ್ಟಿಸಿದ ಬುರುಜಿನ ಹತ್ತಿರ ದೋಣಿ ಹತ್ತಿದರೆ ಆಚೆ ದಡವೇ ತಣ್ಣೀರುಬಾವಿ. ದೋಣಿಯವನು "ಒಬ್ಬರೇಯಾ?" ಅಂತ ಕೇಳಿದ. ಹೂಂ ಅಂದೆ. ಮಗಳು ಊಟ ಮಾಡಿದಳೋ ಇಲ್ಲವೋ ಎಂದು ಯೋಚಿಸುತ್ತ ಆ ಕಡಲನ್ನು ನಾನು ಸರಿಯಾಗಿ ನೋಡಲೂ ಇಲ್ಲ.

ಕಾಕಾ ಮೊನ್ನೆ ವಾಪಸ್ ಬಂದರು. ಸಂಜೆ ಕಟ್ಟೆಯ ಮೇಲೆ ನಾಲ್ಕು ಜನರನ್ನು ಕೂಡಿಸಿಕೊಂಡು ಮಂಗಳೂರು ಹೇಳುತ್ತಿದ್ದರು. ನನ್ನನ್ನು ಕಂಡವರೇ ಕರೆದರು.

"ತಮ್ಮಾ, ಮುಂದಿನ ಸಲ ಮಗಳ ಕಡೆ ಹ್ವಾದಾಗ ಆ ಚಿತ್ರದ ಚರ್ಚ್ ನೋಡ್ಕೊಂಡು ಬಾ. ಭಾಳ ಮಂದಿಗೆ ಗೊತ್ತಿಲ್ಲ. ಮತ್ತ ರೂಮ್ ಎ.ಸಿ.ದs ತಗೋ."