ಪರ–ವಿರೋಧ: 1894ರ ಪುಲ್‌ಮನ್ ಮುಷ್ಕರದ ಮೇಲೆ ಸೇನೆ ಬಿಟ್ಟದ್ದು ಸರಿಯೇ?

ಪರ: ರೈಲು ಓಡಿಸುವುದು ಸರ್ಕಾರದ ಹೊಣೆ

ಅಮೆರಿಕದ ಷಿಕಾಗೊ ಬಳಿ ರೈಲಿನ ಮಲಗುವ ಬೋಗಿಗಳನ್ನು ತಯಾರಿಸುತ್ತಿದ್ದ, ಕೆಲಸಗಾರರಿಗೆಂದೇ ತನ್ನ ಹೆಸರಿನ ಊರು ಕಟ್ಟಿ ಮನೆಗಳನ್ನು ಬಾಡಿಗೆಗೆ ಕೊಟ್ಟಿದ್ದ ಜಾರ್ಜ್ ಪುಲ್‌ಮನ್ ಅವರನ್ನು ಚೆನ್ನಾಗಿ ನಡೆಸಿಕೊಂಡ ಎಂದು ಇಲ್ಲಿ ವಾದಿಸುತ್ತಿಲ್ಲ. ಕೂಲಿ ಕಡಿದವನು ಮನೆಬಾಡಿಗೆಯನ್ನೂ ಇಳಿಸಬೇಕಿತ್ತು. ಅದು ಬೇರೆ ವ್ಯಾಜ್ಯ. ಒಂದು ಕಾರ್ಖಾನೆಯ ಜಗಳಕ್ಕಾಗಿ ಅರ್ಧ ದೇಶದ ರೈಲು ನಿಂತಾಗ ಕೇಂದ್ರ ಸರ್ಕಾರ ಕೈಕಟ್ಟಿ ಕೂರಬೇಕಿತ್ತೇ ಎಂಬುದಷ್ಟೇ ಇಲ್ಲಿನ ಪ್ರಶ್ನೆ.

ಪುಲ್‌ಮನ್ ಕೆಲಸಗಾರರ ಮುಷ್ಕರಕ್ಕೆ ಬೆಂಬಲವಾಗಿ ರೈಲ್ವೆ ನೌಕರರ ಸಂಘವಾದ ಅಮೆರಿಕನ್ ರೈಲ್ವೆ ಯೂನಿಯನ್ ಜೂನ್ 26ರಂದು ಪುಲ್‌ಮನ್ ಬೋಗಿಗಳ ಬಹಿಷ್ಕಾರ ಶುರುಮಾಡಿತು. ಶಂಟಿಂಗ್ ನೌಕರ ಪುಲ್‌ಮನ್ ಬೋಗಿಯನ್ನು ರೈಲಿಗೆ ಜೋಡಿಸಲು ಒಪ್ಪುತ್ತಿರಲಿಲ್ಲ. ಕಂಪನಿ ಅವನನ್ನು ಕೆಲಸದಿಂದ ತೆಗೆಯುತ್ತಿತ್ತು. ಕೂಡಲೇ ಆ ಮಾರ್ಗದ ಉಳಿದವರೂ ಕೆಲಸ ಬಿಟ್ಟು ಹೊರನಡೆಯುತ್ತಿದ್ದರು. ಕೆಲವೇ ದಿನಗಳಲ್ಲಿ ಷಿಕಾಗೊದಿಂದ ಪಶ್ಚಿಮಕ್ಕೆ ಹೋಗುವ ಬಹುತೇಕ ಮಾರ್ಗಗಳು ಕಟ್ಟಿಹೋದವು. ಕ್ಯಾಲಿಫೋರ್ನಿಯಾದ ಹಣ್ಣಿನ ಬೆಳೆಗಾರನಿಗೂ ಪುಲ್‌ಮನ್ ಊರಿನ ಬಾಡಿಗೆಗೂ ಏನು ಸಂಬಂಧವಿತ್ತು? ಎಲ್ಲ ಕಾರ್ಮಿಕರ ಹೆಸರಿನಲ್ಲಿ ಮಾತಾಡುತ್ತಿದ್ದ ಈ ಸಂಘ ಕರಿಯರನ್ನು ಸದಸ್ಯರಾಗಿ ಸೇರಿಸಿಕೊಳ್ಳುತ್ತಿರಲಿಲ್ಲ ಎಂಬುದನ್ನೂ ಮರೆಯಬಾರದು.

ಅಂಚೆಯೂ ಅಂತರರಾಜ್ಯ ವ್ಯಾಪಾರವೂ ಸಂವಿಧಾನದ ಪ್ರಕಾರ ಕೇಂದ್ರಕ್ಕೆ ಸೇರಿದವು. ಜುಲೈ 2ರಂದು ಫೆಡರಲ್ (ಕೇಂದ್ರದ) ನ್ಯಾಯಾಲಯ ಯೂನಿಯನ್ನಿನ ವಿರುದ್ಧ ತಡೆಯಾಜ್ಞೆ ಕೊಟ್ಟಿತು. ಷಿಕಾಗೊ ಪಕ್ಕದ ಬ್ಲೂ ಐಲೆಂಡ್ ಊರಿನಲ್ಲಿ ಅದನ್ನು ಓದಿ ಹೇಳಿದಾಗ ಗುಂಪು ಗೇಲಿ ಮಾಡಿತು. ಮರುದಿನ ಅಧ್ಯಕ್ಷ ಕ್ಲೀವ್‌ಲ್ಯಾಂಡ್ ಸೇನೆಗೆ ಆದೇಶ ಕೊಟ್ಟರು. 1895ರಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಕೇಂದ್ರದ ಅಧಿಕಾರವನ್ನು ಎತ್ತಿಹಿಡಿಯಿತು. ಒಬ್ಬ ನ್ಯಾಯಾಧೀಶರೂ ಭಿನ್ನಮತ ಬರೆಯಲಿಲ್ಲ.

ವಿರೋಧ: ಸರ್ಕಾರ ಕಂಪನಿಗಳ ಪಕ್ಷ ಸೇರಿತ್ತು

ಬಾಡಿಗೆಯದು ಬೇರೆ ವ್ಯಾಜ್ಯ ಎನ್ನುವವರು ಪುಲ್‌ಮನ್ ಊರಿನ ಬಟವಾಡೆ ಹೇಗೆ ನಡೆಯುತ್ತಿತ್ತೆಂದು ನೋಡಬೇಕು. ಸಂಬಳದಲ್ಲೇ ಬಾಡಿಗೆ ಮುರಿದುಕೊಳ್ಳುವುದನ್ನು ಷಿಕಾಗೊ ಇರುವ ಇಲಿನಾಯ್ ರಾಜ್ಯದ ಕಾನೂನು ನಿಷೇಧಿಸಿದ ಮೇಲೆ ಕಂಪನಿ ಪ್ರತಿ ಕೆಲಸಗಾರನಿಗೆ ಎರಡು ಚೆಕ್ ಬರೆಯತೊಡಗಿತು: ಒಂದು ಬಾಡಿಗೆಯಷ್ಟಕ್ಕೆ, ಇನ್ನೊಂದು ಉಳಿದದ್ದಕ್ಕೆ. ಎರಡೂ ಕಂಪನಿಯ ಬ್ಯಾಂಕಿನಲ್ಲೇ ಸಿಗುತ್ತಿದ್ದವು. ಮೊದಲನೆಯದರ ಬೆನ್ನಿಗೆ ಅಲ್ಲೇ ಸಹಿ ಹಾಕಿ ವಾಪಸು ಕೊಡಬೇಕೆಂಬ ಒತ್ತಡವಿತ್ತು. ಬಾಡಿಗೆ ಕಳೆದು ಎರಡು ಸೆಂಟ್ ಉಳಿದಿದ್ದ ಚೆಕ್ಕಿನ ಬಗ್ಗೆ ಊರಿನ ಪಾದ್ರಿ ವಿಲಿಯಂ ಕಾರ್ವರ್ಡೀನ್ ಬಹಿರಂಗವಾಗಿ ಹೇಳಿದರು. ಪಕ್ಕದ ಹೈಡ್ ಪಾರ್ಕಿನಲ್ಲಿ ಸಾವಿರ ಘನ ಅಡಿಗೆ 75 ಸೆಂಟ್ ಇದ್ದ ಅನಿಲಕ್ಕೆ ತಾವು 2.25 ಡಾಲರ್ ತೆರಬೇಕಾಗಿದೆ ಎಂದು ಕೆಲಸಗಾರರು ಯೂನಿಯನ್ನಿನ ಮುಂದೆ ಲೆಕ್ಕ ಇಟ್ಟರು.

ಮುಷ್ಕರದ ತನಿಖೆಗೆ ಕ್ಲೀವ್‌ಲ್ಯಾಂಡ್ ತಾವೇ ನೇಮಿಸಿದ ಆಯೋಗದ ಅಂಕಿಗಳು ಇನ್ನೂ ಸ್ಪಷ್ಟ. 1893ರ ಜುಲೈಗೆ ಮುಗಿದ ವರ್ಷ ಕಂಪನಿ ಕೂಲಿಗೆ ಕೊಟ್ಟದ್ದು ಸುಮಾರು 72 ಲಕ್ಷ ಡಾಲರ್, ಮರುವರ್ಷ ಸುಮಾರು 45 ಲಕ್ಷ. ಅದೇ ಅವಧಿಯಲ್ಲಿ ಷೇರುದಾರರ ಲಾಭಾಂಶ 25.2 ಲಕ್ಷದಿಂದ 28.8 ಲಕ್ಷಕ್ಕೆ ಏರಿತು. 1893ರ ಆರ್ಥಿಕ ಕುಸಿತದಲ್ಲಿ ಕೆಲಸಗಾರರ ಸಂಖ್ಯೆಯೂ ಇಳಿದಿತ್ತು, ನಿಜ. ಆದರೆ ಉಳಿದವರ ಕೂಲಿಯೂ ಸರಾಸರಿ ಕಾಲು ಭಾಗ ಹೋಯಿತು. ದೂರು ಒಯ್ದ ಸಮಿತಿಯ ಮೂವರನ್ನು ಕೆಲಸದಿಂದ ನಿಲ್ಲಿಸಿದ ಮರುದಿನವೇ, ಮೇ 11ರಂದು, ಮುಷ್ಕರ ಶುರುವಾಯಿತು. ಮಧ್ಯಸ್ಥಿಕೆಗೆ ಯೂನಿಯನ್ ಸಿದ್ಧವಿತ್ತು. ಮಧ್ಯಸ್ಥಿಕೆ ಮಾಡಲು ಏನೂ ಇಲ್ಲ ಎಂದದ್ದು ಕಂಪನಿ.

ಈಗ ಅಂಚೆಯ ಮಾತು. ಪುಲ್‌ಮನ್ ಬೋಗಿ ಇಲ್ಲದಿದ್ದರೆ ಅಂಚೆ ರೈಲು ಓಡಿಸುತ್ತೇವೆಂದು ಯೂನಿಯನ್ನಿನ ನಾಯಕ ಯೂಜಿನ್ ಡೆಬ್ಸ್ ಹೇಳಿದ್ದರು. ರೈಲ್ವೆ ಕಂಪನಿಗಳು ಅಂಚೆ ರೈಲಿಗೇ ಪುಲ್‌ಮನ್ ಬೋಗಿ ಜೋಡಿಸಿದವು. ಬೋಗಿ ಬಿಚ್ಚಿದರೆ ಅಂಚೆಗೆ ಅಡ್ಡಿ, ಅಡ್ಡಿಯಾದರೆ ಫೆಡರಲ್ ಅಪರಾಧ. ಷಿಕಾಗೊದಲ್ಲಿ ನಿಲ್ದಾಣವಿದ್ದ 24 ರೈಲ್ವೆಗಳ ಜನರಲ್ ಮ್ಯಾನೇಜರ್‌ಗಳ ಸಂಘವೇ ಈ ಹೋರಾಟವನ್ನು ನಡೆಸುತ್ತಿತ್ತು. ಕೇಂದ್ರ ಸರ್ಕಾರದ ಮುಖ್ಯ ಕಾನೂನು ಅಧಿಕಾರಿ, ಅಟಾರ್ನಿ ಜನರಲ್ ರಿಚರ್ಡ್ ಓಲ್ನಿ ಬಹುಕಾಲ ರೈಲ್ವೆ ಕಂಪನಿಗಳ ವಕೀಲರಾಗಿದ್ದವರು. ಷಿಕಾಗೊದಲ್ಲಿ ಸರ್ಕಾರದ ಪರ ವಾದಿಸಲು ಅವರು ಆರಿಸಿದ ಎಡ್ವಿನ್ ವಾಕರ್ ಕೂಡ ರೈಲ್ವೆ ವಕೀಲರೇ. ಆಗ ನೇಮಿಸಿದ ಹೆಚ್ಚುವರಿ ಮಾರ್ಷಲ್‌ಗಳಲ್ಲಿ (ಕೇಂದ್ರದ ಪೊಲೀಸರಲ್ಲಿ) ಸುಮಾರು 3,600 ಮಂದಿಯನ್ನು ಆರಿಸಿದ್ದು, ಶಸ್ತ್ರ ಕೊಟ್ಟದ್ದು, ಸಂಬಳ ಕೊಟ್ಟದ್ದು ರೈಲ್ವೆಗಳು ಎಂದು ಆಯೋಗವೇ ಬರೆಯಿತು. ಫಿರ್ಯಾದಿಯೇ ಪೊಲೀಸರಿಗೆ ಸಂಬಳ ಕೊಡುವ ಕಡೆ ಕಾನೂನುಪಾಲನೆ ಎಂಬ ಮಾತಿಗೆ ಏನು ಬೆಲೆ?

ಶಾಂತಿ ಕಾಪಾಡಲು ಸೇನೆ ಬಂತು ಎನ್ನುವವರು ದಿನಾಂಕಗಳನ್ನು ಸಾಲಾಗಿ ಇಟ್ಟು ನೋಡಲಿ. ಷಿಕಾಗೊ ಸಮೀಪದ ಸೇನಾನೆಲೆ ಫೋರ್ಟ್ ಷೆರಿಡನ್‌ನ ಪಡೆ ಷಿಕಾಗೊಗೆ ಕಾಲಿಟ್ಟದ್ದು ಜುಲೈ 4ರ ಹೊತ್ತಿಗೆ. ರೈಲ್ವೆ ಯಾರ್ಡ್‌ಗಳಲ್ಲಿ ನೂರಾರು ಬೋಗಿಗಳಿಗೆ ಬೆಂಕಿ ಬಿದ್ದದ್ದು 6ರಂದು. ಇಲಿನಾಯ್ ಗವರ್ನರ್ ಜಾನ್ ಆಲ್ಟ್‌ಗೆಲ್ಡ್ ಸೇನೆ ಕೇಳಿರಲಿಲ್ಲ. ಆಂತರಿಕ ಗಲಭೆಗೆ ರಾಜ್ಯ ಕೇಳಿದ ಮೇಲೆ ಕೇಂದ್ರ ನೆರವಾಗಬೇಕೆಂದು ಸಂವಿಧಾನದ ನಾಲ್ಕನೇ ವಿಧಿ ಹೇಳುತ್ತದೆ. ಆಲ್ಟ್‌ಗೆಲ್ಡ್ ಅವರ ಕೈಯಲ್ಲಿ ರಾಜ್ಯದ ಪಡೆ ಇತ್ತು, ಅಗತ್ಯ ಬಿದ್ದಾಗ ಅದನ್ನು ಕಳುಹಿಸಿದರು ಕೂಡ.

ಕಾನೂನು ಯಾರ ಮೇಲೆ ಬಿತ್ತೆಂಬುದನ್ನೂ ನೋಡಿ. 1890ರ ಶರ್ಮನ್ ಕಾಯ್ದೆ ದೊಡ್ಡ ಕಂಪನಿಗಳ ಏಕಸ್ವಾಮ್ಯ ಮುರಿಯಲೆಂದು ಬಂದದ್ದು. ಜುಲೈ 2ರ ತಡೆಯಾಜ್ಞೆ ಆ ಕಾಯ್ದೆಯನ್ನೇ ಯೂನಿಯನ್ನಿನ ಮೇಲೆ ಬಳಸಿತು. ಮುಷ್ಕರಕ್ಕೆ ಬನ್ನಿ ಎಂದು ನೌಕರರನ್ನು ಮಾತಿನಲ್ಲಿ ಒಲಿಸುವುದನ್ನೂ ನಿಷೇಧಿಸಿತು. ದೇಶದ ಸಕ್ಕರೆ ಶುದ್ಧೀಕರಣದ ಶೇ. 90ಕ್ಕೂ ಹೆಚ್ಚನ್ನು ಹಿಡಿದಿದ್ದ ಕೂಟದ ವಿಷಯ 1895ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ, ತಯಾರಿಕೆ ಎಂದರೆ ವ್ಯಾಪಾರವಲ್ಲ, ಅದಕ್ಕೆ ಕಾಯ್ದೆ ತಾಗದು ಎಂಬ ತೀರ್ಪು ಬಂತು. ನಾಲ್ಕೇ ತಿಂಗಳಲ್ಲಿ ಅದೇ ಕೋರ್ಟು, ತಡೆಯಾಜ್ಞೆ ಮೀರಿದ್ದಕ್ಕೆ ಡೆಬ್ಸ್ ಅವರಿಗೆ ಕೊಟ್ಟಿದ್ದ ಆರು ತಿಂಗಳ ಜೈಲುಶಿಕ್ಷೆಯನ್ನು ಎತ್ತಿಹಿಡಿಯಿತು. ಒಮ್ಮತ ಇತ್ತೆಂದ ಮಾತ್ರಕ್ಕೆ ನ್ಯಾಯ ಇತ್ತೆಂದಾಗದು.

ಆಗಸ್ಟಿನಲ್ಲಿ ಪುಲ್‌ಮನ್ ಕಾರ್ಖಾನೆ ಬಾಗಿಲು ತೆರೆದಾಗ ಯೂನಿಯನ್ ಸದಸ್ಯತ್ವ ಬಿಟ್ಟುಕೊಟ್ಟವರಿಗಷ್ಟೇ ಕೆಲಸ. ಕಾರ್ಮಿಕರ ವಿರುದ್ಧದ ತಡೆಯಾಜ್ಞೆಗೆ ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಗಟ್ಟಿಯಾದ ಕಡಿವಾಣ ಹಾಕಲು 1932ರವರೆಗೆ ಕಾಯಬೇಕಾಯಿತು.