ಎದೆಗೆರಗಿದ ನಾಯಕಿ

ಕಾದಂಬರಿಯ ಕೊನೆಯ ಸಾಲಿಗೆ ಚುಕ್ಕೆ ಇಟ್ಟ ರಾತ್ರಿ, ಇನ್ನು ಉಳಿದದ್ದು ಅಚ್ಚಿನ ಕೆಲಸವಷ್ಟೇ ಎಂದುಕೊಂಡು ಮಲಗಿದೆ. ಆಮೇಲೆ ಎರಡು ತಿಂಗಳು ಅಂಥ ನಿದ್ದೆ ಬರಲಿಲ್ಲ.

ಮೊದಲ ಪೆಟ್ಟು ನನ್ನ ಕೈಯಿಂದಲೇ ಬಿತ್ತು. ನಾಯಕನ ಹೆಸರು ರವಿ. ಬರೆದು ಮುಗಿದ ಮೇಲೆ ಯಾಕೋ ಸಪ್ಪೆ ಎನಿಸಿತು. ಸೂರ್ಯ ಅದೇ ಇರಲಿ, ಗತ್ತು ಮಾತ್ರ ಹೆಚ್ಚಲಿ ಎಂದು ‘ಆದಿತ್ಯ’ ಎಂದು ಮರುನಾಮಕರಣ ಮಾಡಿದೆ. ಒಮ್ಮೆ ಗುಂಡಿ ಒತ್ತಿದರೆ ಕಡತದಲ್ಲಿರುವ ರವಿಗಳನ್ನೆಲ್ಲ ಕಂಪ್ಯೂಟರ್ ತಾನೇ ಬದಲಿಸುತ್ತದೆ. ಬದಲಿಸಿತು ಕೂಡ. ಆದರೆ ಹೆಸರು ಯಾವುದು, ಪದದ ತುಂಡು ಯಾವುದು ಎಂಬ ವಿವೇಕ ಅದಕ್ಕೆಲ್ಲಿ? ಪ್ರೇಮಿಗಳು ‘ದೂರವಿದ್ದರು’ ಎಂದಿದ್ದಲ್ಲೆಲ್ಲ ‘ದೂಆದಿತ್ಯದ್ದರು’ ಎಂದಾಯಿತು. ಅವನ ಪ್ರಶ್ನೆಗೆ ನಾಯಕಿಯ ಬಳಿ ‘ಉತ್ತಆದಿತ್ಯರಲಿಲ್ಲ’. ಪ್ರೇಮಕಥೆಯೆಂದ ಮೇಲೆ ದೂರವಿರುವುದು, ಹತ್ತಿರವಿರುವುದು ಬಿಟ್ಟರೆ ಬೇರೇನಿರುತ್ತದೆ ಹೇಳಿ! ಒಂದೊಂದನ್ನೇ ಹೆಕ್ಕಿ ಸರಿಪಡಿಸುವ ಹೊತ್ತಿಗೆ ನಾಯಕನ ಮೇಲಿದ್ದ ಪ್ರೀತಿ ಪೂರ್ತಿ ಆರಿಹೋಗಿತ್ತು.

ಪ್ರಕಾಶಕರು ಕರಡು ತಿದ್ದಲು ಒಬ್ಬ ಹಿರಿಯರಿಗೆ ಒಪ್ಪಿಸಿದರು. ಅವರದು ಕೆಂಪು ಶಾಯಿ, ಕಡಿಮೆ ಮಾತು. ಮೂರನೆಯ ಅಧ್ಯಾಯದಲ್ಲಿ ಹುಣ್ಣಿಮೆ ತಂದಿದ್ದೆ. ಕಥೆಯಲ್ಲಿ ಒಂಬತ್ತು ದಿನ ಕಳೆದು ಐದನೆಯ ಅಧ್ಯಾಯದಲ್ಲಿ ಮತ್ತೆ ಹುಣ್ಣಿಮೆ. ಅಂಚಿನಲ್ಲಿ ಬರೆದಿದ್ದರು: ‘ಎರಡು ಹುಣ್ಣಿಮೆಗಳ ನಡುವೆ ಸುಮಾರು 29.5 ದಿನ ಬೇಕು. ತಾವು ಹೇಳುವ ದಿನ ಚಂದ್ರ ಹುಟ್ಟುವುದೇ ನಡುರಾತ್ರಿ ದಾಟಿದ ಮೇಲೆ.’ ಸಂಜೆ ಏಳಕ್ಕೆ ಭೇಟಿಯಾದವರನ್ನು ಅಷ್ಟು ಹೊತ್ತು ಕೂರಿಸುವುದು ಹೇಗೆ? ಚಂದ್ರನನ್ನು ಕೈಬಿಟ್ಟು ಬೀದಿದೀಪ ಹಚ್ಚಿಸಿದೆ.

ಏಳನೆಯ ಅಧ್ಯಾಯದಲ್ಲಿ, ವಿರಹವೆಲ್ಲ ಮುಗಿದು ನಾಯಕಿ ಓಡಿಬಂದು ನಾಯಕನ ‘ಎದೆಗೊರಗಿದಳು’ ಎಂದು ಬರೆದೆನೆಂದೇ ನಾನು ನಂಬಿದ್ದೆ. ಬೆರಳು ಜಾರಿ ‘ಎದೆಗೆರಗಿದಳು’ ಆಗಿತ್ತು. ಅಂಚಿನಲ್ಲಿ ಒಂದೇ ಮಾತು: ‘ಹುಲಿಯೇ?’

ಅಗಲಿಕೆಯ ಪುಟದ ಮೇಲೆ ಮಾತ್ರ ಏನೂ ಬರೆದಿರಲಿಲ್ಲ. ಒಂದು ಹನಿ ಬಿದ್ದು ಕಾಗದ ಉಬ್ಬಿತ್ತು. ನನ್ನ ಗಂಟಲು ಕಟ್ಟಿತು. ಫೋನ್ ಮಾಡಿ ಸಂಕೋಚದಿಂದಲೇ ಕೇಳಿದೆ. “ಕರೆಂಟ್ ಹೋಗಿತ್ತಮ್ಮ, ಬೆವರು” ಎಂದರು.

ಬೆನ್ನುಡಿ, ಮುಖಪುಟದ ಕಥೆ ಬೇಡ; ಅವುಗಳ ಮೇಲೆ ನನಗಿನ್ನೂ ಸಿಟ್ಟಿದೆ. ಪುಸ್ತಕದ ಗುರುತಿಗೆಂದು ಕೊಡುವ ಐಎಸ್‌ಬಿಎನ್ ಸಂಖ್ಯೆಯಲ್ಲಿ 13 ಅಂಕಿಗಳಿರುತ್ತವೆ. ಮೊದಲ 12 ಸರಿಯಾಗಿವೆಯೇ ಎಂದು ತಾಳೆ ನೋಡಲೆಂದೇ ಕೊನೆಯದು ಇರುವುದಂತೆ. ಕಾದಂಬರಿಯ ಕೊನೆಗೂ ಅಂಥದ್ದೊಂದು ಅಂಕಿ ಇದ್ದಿದ್ದರೆ ಆ ಹಿರಿಯರ ಶಾಯಿಯಾದರೂ ಉಳಿಯುತ್ತಿತ್ತು.

ಎಲ್ಲ ಮುಗಿಯಿತು ಎನ್ನುವಾಗ ಅಚ್ಚುಮನೆಯಿಂದ ಕರೆ ಬಂತು. ಪುಸ್ತಕ 195 ಪುಟವಾಗಿದೆ. ಒಂದೇ ಹಾಳೆಯಲ್ಲಿ ಒಟ್ಟಿಗೆ ಅಚ್ಚಾಗುವ 16 ಪುಟಕ್ಕೊಂದು ಫಾರಂ. ಹನ್ನೆರಡು ಫಾರಂಗೆ 192. ಮೂರು ಪುಟಕ್ಕಾಗಿ ಇನ್ನೊಂದು ಫಾರಂ ಹಾಕಿದರೆ ಹದಿಮೂರು ಪುಟ ಖಾಲಿ ಬೀಳುತ್ತವೆ. “ಮೂರು ಪುಟ ಎಲ್ಲಿಂದಾದರೂ ತೆಗೆಯಿರಿ ಮೇಡಂ, ಯಾರಿಗೂ ಗೊತ್ತಾಗುವುದಿಲ್ಲ.” ಇಡೀ ಪುಸ್ತಕ ಜಾಲಾಡಿದೆ. ಆದಿತ್ಯ ಅವಳ ಮನೆಯೆದುರು ಮಳೆಯಲ್ಲಿ ನಿಂತು ಕಾಯುವ ದೃಶ್ಯ ಸರಿಯಾಗಿ ಮೂರು ಪುಟವಿತ್ತು. ಅತ್ಯಂತ ಇಷ್ಟಪಟ್ಟು ಬರೆದದ್ದು. ಕಣ್ಣು ಮುಚ್ಚಿ ತೆಗೆದೆ.

ಪುಸ್ತಕ ಬಂತು. ಮೊದಲ ಪ್ರತಿಯನ್ನು ಆ ಹಿರಿಯರಿಗೇ ಕೊಟ್ಟೆ. ವಾರದ ಮೇಲೆ ಫೋನ್ ಮಾಡಿದರು.

“ಚೆನ್ನಾಗಿದೆಯಮ್ಮ. ಒಂದೇ ಅನುಮಾನ. ಹತ್ತನೆಯ ಅಧ್ಯಾಯದ ಉದ್ದಕ್ಕೂ ಆ ಹುಡುಗ ಸೀನುತ್ತಾನಲ್ಲ, ಅವನಿಗೆ ನೆಗಡಿ ಆದದ್ದು ಯಾವಾಗ?”