ವೆಝಲೇ ಗುಡ್ಡದ ಮೇಲಿನ ಆ ಬಾಗಿಲು

ಫ್ರಾನ್ಸಿನ ಹಳ್ಳಿಗಾಡು ನೋಡಬೇಕೆಂದು ಹೊರಡುವ ನಮ್ಮವರಲ್ಲಿ ಹೆಚ್ಚಿನವರು ಪ್ರೊವಾನ್ಸ್‌ನ ಲ್ಯಾವೆಂಡರ್ ಹೊಲಗಳ ಕಡೆಗೆ ಮುಖಮಾಡುತ್ತಾರೆ. ನನ್ನನ್ನು ಕೇಳಿದರೆ, ಒಂದೇ ಊರಿಗೆ ಬಿಡುವಿರುವವರು ಬರ್ಗಂಡಿಯ ವೆಝಲೇಗೆ ಹೋಗಬೇಕು. ಹೋದ ಮೇಲೆ, ಗುಡ್ಡದ ನೆತ್ತಿಯಿಂದ ಕಾಣುವ ಕಣಿವೆಗಿಂತ ಅಲ್ಲಿನ ಚರ್ಚಿನ ಬಾಗಿಲೊಂದಕ್ಕೆ ಹೆಚ್ಚು ಹೊತ್ತು ಕೊಡಬೇಕು.

ಊರೆಂದರೆ ಹಳೆಯ ಕಲ್ಲುಮನೆಗಳು, ವೈನ್ ಅಂಗಡಿಗಳು, ಅವುಗಳ ನಡುವೆ ಏರುತ್ತ ಹೋಗುವ ಒಂದು ಮುಖ್ಯ ಬೀದಿ. ಬೀದಿ ಮುಗಿಯುವಲ್ಲಿ ಕ್ರಿಸ್ತನ ಶಿಷ್ಯೆ ಮೇರಿ ಮ್ಯಾಗ್ಡಲೀನಳ ಹೆಸರಿನ ಬೆಸಿಲಿಕಾ, ಅಂದರೆ ದೊಡ್ಡ ಚರ್ಚು, ಇದೆ. ಆಕೆಯ ಅಸ್ಥಿಗಳು ಇಲ್ಲಿವೆಯೆಂಬ ನಂಬಿಕೆಯಿಂದಲೇ ಊರು ಬೆಳೆಯಿತು. 1279ರಲ್ಲಿ ಪ್ರೊವಾನ್ಸ್‌ನ ಸೇಂಟ್ ಮ್ಯಾಕ್ಸಿಮಿನ್‌ನವರು ನಿಜವಾದ ಅಸ್ಥಿಗಳು ತಮ್ಮಲ್ಲಿ ಸಿಕ್ಕಿವೆಯೆಂದು ಸಾರಿದ ಮೇಲೆ ಯಾತ್ರಿಕರು ಅತ್ತ ತಿರುಗಿ, ಊರು ಸೊರಗಿತು. ಕುಸಿಯುವ ಸ್ಥಿತಿಗೆ ಬಂದಿದ್ದ ಕಟ್ಟಡದ ಜೀರ್ಣೋದ್ಧಾರವನ್ನು 1840ರಲ್ಲಿ ವಯೊಲೆ ಲ ದ್ಯುಕ್ ಎಂಬ 26 ವರ್ಷದ ತರುಣನಿಗೆ ವಹಿಸಲಾಯಿತು. ಆತ ಹಳೆಯದಕ್ಕೆ ತನ್ನ ಕಲ್ಪನೆಯನ್ನೂ ಬೆರೆಸುತ್ತಿದ್ದನೆಂದು ಆಕ್ಷೇಪಿಸುವವರಿದ್ದಾರೆ. ಇರಲಿ, ಆತನಿಲ್ಲದಿದ್ದರೆ ಇಲ್ಲಿ ಆಕ್ಷೇಪಿಸುವುದಕ್ಕೂ ಏನೂ ಉಳಿಯುತ್ತಿರಲಿಲ್ಲ.

ನಾನು ಹೇಳುತ್ತಿರುವ ಬಾಗಿಲು ಮುಖಮಂಟಪದ ಒಳಗಿದೆ. ಹನ್ನೆರಡನೆಯ ಶತಮಾನದ ಮೊದಲ ಅರ್ಧದಲ್ಲಿ ಕೆತ್ತಿದ ಅರ್ಧಚಂದ್ರಾಕಾರದ ಫಲಕದ ನಡುವೆ ಕೈಚಾಚಿದ ಕ್ರಿಸ್ತ; ಅವನ ಬೆರಳುಗಳಿಂದ ಶಿಷ್ಯರ ತಲೆಗಳಿಗೆ ಇಳಿಯುವ ಕಿರಣಗಳು; ಸುತ್ತಲೂ, ಆ ಶಿಷ್ಯರು ತಲುಪಬೇಕಾದ ಲೋಕದ ಜನರು. ಅವರಲ್ಲಿ ನಾಯಿಮೋರೆಯವರಿದ್ದಾರೆ, ಮೈಯನ್ನೇ ಮುಚ್ಚುವಷ್ಟು ದೊಡ್ಡ ಕಿವಿಯವರಿದ್ದಾರೆ. ಒಬ್ಬ ಗಿಡ್ಡನಂತೂ ಕುದುರೆ ಹತ್ತಲು ಅದರ ಪಕ್ಕೆಗೆ ಏಣಿ ಒರಗಿಸಿಕೊಂಡಿದ್ದಾನೆ.

ನಾಯಿತಲೆಯ ಜನರ ಕಥೆ ಯೂರೋಪಿನಲ್ಲಿ ಹಬ್ಬಲು ಮುಖ್ಯ ಕಾರಣ, ಅಂಥವರು ಭಾರತದ ಬೆಟ್ಟಗಳಲ್ಲಿದ್ದಾರೆಂದು ಬರೆದ ಗ್ರೀಕ್ ವೈದ್ಯ ಕ್ಟೀಸಿಯಸ್. ಶಿಲ್ಪಿ ನಮ್ಮನ್ನೇ ಮನಸ್ಸಿನಲ್ಲಿಟ್ಟು ಕೆತ್ತಿದನೆನ್ನಲಾಗದು. ಆದರೂ ದೂರದವರು ನಮ್ಮನ್ನು ಹೇಗೆ ಊಹಿಸಿಕೊಂಡಿದ್ದರೆಂಬುದರ ಸುಳಿವು ಆ ಕಲ್ಲಿನಲ್ಲಿದೆ. ಇದರಿಂದ ಸಿಟ್ಟಾಗುವವರು ಮಹಾಭಾರತದ ಸಭಾಪರ್ವವನ್ನು ತೆರೆದು ನೋಡಬಹುದು: ಸಹದೇವ ದಕ್ಷಿಣದಲ್ಲಿ ಗೆದ್ದವರ ಪಟ್ಟಿಯಲ್ಲಿ, ಕಿವಿಯನ್ನೇ ಹೊದ್ದುಕೊಳ್ಳುವ ಕರ್ಣಪ್ರಾವರಣರೂ ಇದ್ದಾರೆ.

ನನಗೆ ಹೆಚ್ಚು ಹಿಡಿಸಿದ್ದು, ಆ ವಿಚಿತ್ರ ಜನರನ್ನು ನರಕಕ್ಕೆ ತಳ್ಳದೆ ಉಪದೇಶಕ್ಕೆ ಅರ್ಹರಾದ ಮನುಷ್ಯರೆಂದೇ ಕೆತ್ತಿರುವುದು. ಇದೇ ಗುಡ್ಡದ ಇಳಿಜಾರಿನಲ್ಲಿ 1146ರ ಈಸ್ಟರ್‌ನಂದು ಕ್ಲೆರ್ವೋದ ಕ್ರೈಸ್ತ ಸನ್ಯಾಸಿ ಬರ್ನಾರ್ಡ್, ಮುಸ್ಲಿಮರ ವಿರುದ್ಧದ ಧರ್ಮಯುದ್ಧವಾದ ಎರಡನೆಯ ಕ್ರುಸೇಡ್‌ಗೆ ಜನರನ್ನು ಹುರಿದುಂಬಿಸಿದ್ದನ್ನು ನೆನೆದರೆ ಮೆಚ್ಚುಗೆ ಅರ್ಧಕ್ಕಿಳಿಯುತ್ತದೆ. ಈ ಎರಡನ್ನೂ ಹೊಂದಿಸಿ ಸಮಾಧಾನ ಹೇಳುವ ವಿವರಣೆಗಳು ನನಗೆ ರುಚಿಸುವುದಿಲ್ಲ.

ಗಾಂಧಿ, ರಾಮಕೃಷ್ಣ, ವಿವೇಕಾನಂದರ ಜೀವನವನ್ನು ಯೂರೋಪಿಗೆ ತಿಳಿಸಿದ ಫ್ರೆಂಚ್ ಸಾಹಿತಿ ರೊಮೇನ್ ರೋಲಾ ತನ್ನ ಕೊನೆಯ ವರ್ಷಗಳನ್ನು ಕಳೆದು, 1944ರ ಡಿಸೆಂಬರ್ 30ರಂದು ತೀರಿಕೊಂಡದ್ದೂ ಈ ಊರಿನಲ್ಲೇ. ಆತನ ಮನೆ ಈಗ ಝರ್ವೋಸ್ ಕಲಾ ಸಂಗ್ರಹಾಲಯವಾಗಿದೆ. ಭಾರತದಿಂದ ಹೋದವರು ಅದನ್ನು ನೋಡದೆ ಬರುವುದು ಸರಿಯಲ್ಲ.

ಜೂನ್ 21ರ ಆಸುಪಾಸಿನ ಮಧ್ಯಾಹ್ನ ಕಿಟಕಿಗಳ ಬಿಸಿಲು ಒಳಾಂಗಣದ ನಡುಗೆರೆಯ ಮೇಲೆ ಸಾಲಾಗಿ ಬೀಳುವುದನ್ನು ಕಾಣಲು ಜನ ಸೇರುತ್ತಾರೆ. ಬಾಗಿಲನ್ನು ನೋಡಲು ಯಾವ ತಿಂಗಳಾದರೂ ಆದೀತು. ಕೆತ್ತನೆಗಳು ಎತ್ತರದಲ್ಲಿರುವುದರಿಂದ ಬೈನಾಕ್ಯುಲರ್ ಒಯ್ಯುವುದು ಒಳ್ಳೆಯದು.